ಪಟ್ಟಿಯಲ್ಲಿ ಮೇಲೆ ಕೂತ ಗೆಳೆಯ

ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಆಪ್ತಸಲಹೆಗೆಂದು ನನ್ನ ಬಳಿ ಬಂದವರೊಬ್ಬರನ್ನು ಇಲ್ಲಿ ‘ಸಹಪೈಲಟ್’ ಎಂದಷ್ಟೇ ಕರೆಯುತ್ತೇನೆ. ದಾವಣಗೆರೆಯವರು. ಮಗನ ತರಬೇತಿಗಾಗಿ ತಂದೆ ಚನ್ನಗಿರಿ ಕಡೆಯ ಅಡಿಕೆ ತೋಟದ ಮೇಲೆ ಸಾಲ ಎತ್ತಿದ್ದರು. ರಜೆಗೆ ಬಂದ ಮಗ ತಟ್ಟೆಯ ಮುಂದೆಯೂ ಮೊಬೈಲ್ ನೋಡುತ್ತಾ ಕೂರುವುದನ್ನು ಕಂಡು ಅವರೇ ನನ್ನ ಬಳಿ ಕರೆತಂದರು.

“ಮೇಡಂ, ನನಗಿಂತ ಎರಡು ವರ್ಷ ತಡವಾಗಿ ಕೆಲಸಕ್ಕೆ ಸೇರಿದವನು ಈಗ ನನಗಿಂತ ಮೇಲಿದ್ದಾನೆ.” ಅರ್ಧ ಗಂಟೆಯಲ್ಲಿ ಈ ಮಾತನ್ನು ನಾಲ್ಕು ಬಾರಿ ಹೇಳಿದರು. ನಾಲ್ಕನೆಯ ಬಾರಿ ‘ಸೇರಿದವನು’ ಹೋಗಿ ಒಂದು ಹೆಸರು ಬಂತು. ತರಬೇತಿಯ ದಿನಗಳಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯ.

ಇಬ್ಬರ ವಿಮಾನ ಸಂಸ್ಥೆಗಳೂ ಒಂದಾಗಿದ್ದವು. ಪೈಲಟ್‌ಗಳಲ್ಲಿ ಯಾರು ಹಿರಿಯರೆಂದು ತೋರಿಸುವ ಎರಡು ಜ್ಯೇಷ್ಠತಾ ಪಟ್ಟಿಗಳನ್ನು ಹೆಣೆದು ಒಂದು ಮಾಡುವಾಗ ಸೇರಿದ ದಿನಾಂಕವನ್ನು ಹಿಡಿಯಬಹುದು, ಅವರವರ ಪಟ್ಟಿಯಲ್ಲಿದ್ದ ಸ್ಥಾನದ ಅನುಪಾತವನ್ನೂ ಹಿಡಿಯಬಹುದು. ಇಲ್ಲಿ ಹಿಡಿದದ್ದು ಅನುಪಾತವನ್ನು. ಇವರ ಸಂಸ್ಥೆ ಹಳೆಯದು, ಹೊಸ ನೇಮಕ ಕಡಿಮೆ. ನೂರರಲ್ಲಿ ಎಪ್ಪತ್ತನೆಯವರಂತೆ ಹಿಂದೆಯೇ ಇದ್ದರು. ಗೆಳೆಯನ ಸಂಸ್ಥೆ ಬೇಗ ಬೆಳೆದದ್ದು. ತಡವಾಗಿ ಸೇರಿದರೂ ಅವನ ಹಿಂದೆ ಜನ ತುಂಬಿಕೊಂಡು, ಅವನು ನಲವತ್ತನೆಯವನಂತಾಗಿದ್ದ. ಕ್ಯಾಪ್ಟನ್ ಆಗುವುದು ಯಾವಾಗ, ಯಾವ ಊರಿನಲ್ಲಿ ನೆಲೆ, ದೀಪಾವಳಿಗೆ ರಜೆ ಯಾರಿಗೆ ಎಂಬುದೆಲ್ಲ ಆ ಸಂಖ್ಯೆಗೆ ಜೋತುಬಿದ್ದಿರುವಾಗ ‘ಬರೀ ಒಂದು ಅಂಕಿ, ಬಿಡಿ’ ಎನ್ನುವುದು ಸಲಹೆಯಲ್ಲ, ಅವಮಾನ. ನಾನು ಹಾಗೆ ಹೇಳಲಿಲ್ಲ.

ರಾತ್ರಿ ಮೂರು ಗಂಟೆಯವರೆಗೆ ಅವರು ಅಮೆರಿಕದ ಪ್ರಕರಣಗಳನ್ನು ಓದುತ್ತಿದ್ದರು. 2001ರಲ್ಲಿ ಟಿಡಬ್ಲ್ಯೂಎ ಎಂಬ ವಿಮಾನ ಸಂಸ್ಥೆಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ ಅಲ್ಲಿನ ಬಹಳಷ್ಟು ಪೈಲಟ್‌ಗಳು ಪಟ್ಟಿಯ ಬಾಲಕ್ಕೆ ಹೋದದ್ದು, 2007ರಲ್ಲಿ ನ್ಯಾಯಯುತ ಜೋಡಣೆಗೆ ಕಾನೂನು ಬಂದದ್ದು, ಎಲ್ಲ ಬಾಯಿಪಾಠ. “ನಮ್ಮಲ್ಲೂ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದದ್ದು 2007ರಲ್ಲಿ, ಸಿಬ್ಬಂದಿಯ ಜೋಡಣೆಗೆ ಧರ್ಮಾಧಿಕಾರಿ ಸಮಿತಿ ಬಂದದ್ದು 2011ರಲ್ಲಿ” ಎಂದರು. ಅಷ್ಟು ವರ್ಷ ನಿದ್ದೆಗೆಡುತ್ತೀರಾ ಎಂದು ಕೇಳಿದೆ. ಉತ್ತರ ಬರಲಿಲ್ಲ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಹೇಳಿದೆ. ಔಷಧದಂಗಡಿಯಿಂದ ತಾವಾಗಿ ಮಾತ್ರೆ ತರಕೂಡದು. ಹಾರಾಟಕ್ಕೆ ಅರ್ಹತಾಪತ್ರ ಕೊಡುವ ವೈದ್ಯರಿಗೆ ತಿಳಿಸದೆ ಯಾವ ಚಿಕಿತ್ಸೆಯೂ ಬೇಡ. ನಿದ್ದೆಯಿಲ್ಲದ ದಿನ ವಿಮಾನ ಹತ್ತದೆ, ದಣಿದಿದ್ದೇನೆಂದು ಕಚೇರಿಗೆ ಹೇಳಿಬಿಡಬೇಕು. ಉಳಿದದ್ದೆಲ್ಲ ಇದರ ನಂತರ.

ಪಟ್ಟಿ ತಾತ್ಕಾಲಿಕವಾಗಿತ್ತು, ಆಕ್ಷೇಪಣೆಗೆ ಒಂಬತ್ತು ದಿನ ಬಾಕಿ. ಇಷ್ಟು ಓದಿದ ಮನುಷ್ಯ ಒಂದು ಸಾಲೂ ಬರೆದಿರಲಿಲ್ಲ! ನಾನು ವಕೀಲೆಯಲ್ಲ, ಆದರೂ ಒಂದೇ ಪುಟದಲ್ಲಿ, ಗೆಳೆಯನ ಹೆಸರೆತ್ತದೆ, ಸೇರಿದ ದಿನಾಂಕವನ್ನೂ ಹಾರಾಟದ ಗಂಟೆಗಳನ್ನೂ ದಾಖಲೆಯೊಂದಿಗೆ ಬರೆದು, ಸಂಘದ ಮೂಲಕ ಒಂದು ಪ್ರತಿ, ಸ್ವಂತವಾಗಿ ಒಂದು ಪ್ರತಿ ಕಳುಹಿಸಿ ಎಂದೆ. ಕಳುಹಿಸಿದ ಮೇಲೆ ಮೊಬೈಲ್‌ನಿಂದ ಪಟ್ಟಿಯನ್ನು ಅಳಿಸಬೇಕು.

ಎರಡನೆಯ ಭೇಟಿಯಲ್ಲಿ ಗೆಳೆಯನ ಪರವಾಗಿ ವಾದಿಸಲು ಹೇಳಿದೆ. ಮುನಿಸಿಕೊಂಡೇ ಶುರುಮಾಡಿದರು. “ನನ್ನ ಸಂಸ್ಥೆಯಲ್ಲೇ ಇದ್ದಿದ್ದರೆ ಬರುವ ವರ್ಷ ಕ್ಯಾಪ್ಟನ್ ಆಗುತ್ತಿದ್ದೆ, ದಿನಾಂಕ ನೋಡಿ ನನ್ನನ್ನು ಹಿಂದೆ ತಳ್ಳುವುದು ಯಾವ ನ್ಯಾಯ...” ಅಲ್ಲಿಗೆ ನಿಲ್ಲಿಸಿ, ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಹೊರಗೆ ಕಾಯುತ್ತಿದ್ದ ತಂದೆಗೂ ಒಂದು ಮಾತು ಹೇಳಬೇಕಾಯಿತು: ತೋಟದ ಸಾಲದ ಲೆಕ್ಕವನ್ನೂ ಮಗನ ಸಂಖ್ಯೆಯನ್ನೂ ಊಟದ ಹೊತ್ತಿನಲ್ಲಿ ಎತ್ತಬೇಡಿ, ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ಇಬ್ಬರೂ ನಡೆದು ಬನ್ನಿ. “ಆಯಿತು ತಾಯಿ” ಎಂದರು.

ಮೂರನೆಯ ಭೇಟಿಯ ಹೊತ್ತಿಗೆ ಆಕ್ಷೇಪಣೆಗೆ ಉತ್ತರ ಬಂದಿರಲಿಲ್ಲ. ನಿದ್ದೆ ಐದು ಗಂಟೆಗೆ ಬಂದಿತ್ತು. ಗೆಳೆಯನಿಗೆ ಫೋನ್ ಮಾಡಿದ್ದರಂತೆ. ಅವನೂ ಆಕ್ಷೇಪಣೆ ಸಲ್ಲಿಸಿದ್ದ, ತಾನು ಇನ್ನೂ ಮೇಲಿರಬೇಕಿತ್ತು ಎಂದು. ಅದನ್ನು ಹೇಳುವಾಗ ಸಹಪೈಲಟ್ ಮೊದಲ ಬಾರಿಗೆ ನಕ್ಕರು.