ಪಾಂಟೂನ್ ಕೊಳವೆಗೆ ನೆಗ್ಗು ಬೀಳುವುದು ಎಲ್ಲಿಂದ?

ಪಾಂಟೂನ್ ಅಂದರೆ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಚಪ್ಪಟೆ ನೆಲ (ಡೆಕ್) ಕೂರಿಸಿದ ದೋಣಿ. ಕಾರಂಜಾ ಹಿನ್ನೀರಿನ ದಂಡೆಗೆ ಕಟ್ಟಿದ ನಿಮ್ಮ ದೋಣಿಯ ಬಲ ಕೊಳವೆಗೆ ಎರಡು ತಿಂಗಳಲ್ಲಿ ಮೂರು ನೆಗ್ಗು ಅಂದಿದ್ದೀರಿ. ಬಹುಶಃ ಓಡಿಸುವಾಗ ಆದದ್ದಲ್ಲ, ನಿಂತಾಗಲೇ ಆದದ್ದು. ಒಂದೇ ಹಗ್ಗಕ್ಕೆ ಕಟ್ಟಿದ ದೋಣಿ ಗಾಳಿಗೆ ತಿರುಗಿ, ಅಲೆ ಬಂದಾಗಲೆಲ್ಲ ಕಲ್ಲಿಗೆ ಕುಟ್ಟುತ್ತದೆ. ಕೊಳವೆಯ ತಗಡು ಸಾಮಾನ್ಯವಾಗಿ 2ರಿಂದ 2.5 ಮಿ.ಮೀ. ಅಷ್ಟೇ. ನೆಗ್ಗು ಮೂತಿಯಲ್ಲೇ ಇದ್ದರೆ ದಂಡೆಗೆ ಹತ್ತಿಸಿದ್ದು ಕಾರಣವಿರಬಹುದು.

ಮೊದಲು ದಂಡೆಗೆ ಹತ್ತಿಸುವುದನ್ನು ಬಿಡಿ. ಸೊಂಟದುದ್ದ ನೀರಿನಲ್ಲಿ ಹಿಂದೆ ಲಂಗರು ಇಳಿಸಿ, ಮೂತಿಯ ಹಗ್ಗ ಮಾತ್ರ ದಂಡೆಗೆ ಕಟ್ಟಿ. ಮೆಟ್ಟಿಲ ಪಕ್ಕವೇ ನಿಲ್ಲಿಸಬೇಕಾದರೆ ನಾಲ್ಕು ಹಗ್ಗ ಬೇಕು: ಮೂತಿಗೊಂದು, ಹಿಂದಕ್ಕೊಂದು, ಜೊತೆಗೆ ಮೂತಿಯಿಂದ ಹಿಂದಕ್ಕೂ ಹಿಂಭಾಗದಿಂದ ಮುಂದಕ್ಕೂ ಓರೆಯಾಗಿ ಎರಡು. ಈ ಓರೆ ಹಗ್ಗಗಳೇ ದೋಣಿ ಹಿಂದೆ ಮುಂದೆ ಜಗ್ಗದಂತೆ ಹಿಡಿಯುವುದು, ಜನ ಬಿಟ್ಟುಬಿಡುವುದೂ ಇವನ್ನೇ. 10–12 ಮಿ.ಮೀ. ದಪ್ಪದ, ಹಿಗ್ಗುವ ನೈಲಾನ್ ಹಗ್ಗ ತನ್ನಿ, ಮಾಮೂಲಿ ಪ್ಲಾಸ್ಟಿಕ್ ಹಗ್ಗ ಅಷ್ಟು ಹಿಗ್ಗದೆ ದೋಣಿಯ ಕೊಂಡಿಯನ್ನೇ ಕೀಳಬಹುದು.

ಪಕ್ಕಕ್ಕೆ ಮೂರು ಫೆಂಡರ್ (ಪೆಟ್ಟು ತಡೆಯುವ ದಿಂಬು), ಡೆಕ್ ಸುತ್ತಲಿನ ಕಂಬಿಯ ಬುಡಕ್ಕೆ ಕಟ್ಟಿ, ಡೆಕ್ ಅಂಚಿನ ಮಟ್ಟಕ್ಕೆ ಬರಲಿ. ಕಂಬಿಯ ತುದಿಗೆ ಕಟ್ಟಿದರೆ ಅಲೆಗೆ ಮೇಲಕ್ಕೆ ಜಿಗಿದುಬಿಡುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಂತೆ ವಾರಕ್ಕೊಮ್ಮೆ ಹಗ್ಗ ಸಡಿಲಿಸಿ.

ದೋಣಿ ಸಾಗಿಸುವ ಟ್ರೇಲರ್‌ನಿಂದಲೂ ನೆಗ್ಗು ಬೀಳಬಹುದು. ಅದರಲ್ಲಿ ಕೊಳವೆ ಕೂರುವ ಹಲಗೆಯ ಕಾರ್ಪೆಟ್ ಮೇಲೆ ಅಂಗೈ ಆಡಿಸಿ ನೋಡಿ, ಬೋಲ್ಟ್ ತಲೆ ತಾಗಿದರೆ ಕಾರ್ಪೆಟ್ ಬದಲಿಸಿ.

ಈಗಿನ ನೆಗ್ಗಿಗೆ ಸುತ್ತಿಗೆ ಹಚ್ಚಬೇಡಿ. ಬೆಸುಗೆ ಗೆರೆಗೆ ತಾಗಿದ್ದರೆ ನೀರಿಗಿಳಿಸುವ ಮೊದಲು ಅಲ್ಯೂಮಿನಿಯಂ ವೆಲ್ಡಿಂಗ್ ಬಲ್ಲವರಿಗೆ ತೋರಿಸಿ.