ತಾಳಿಕೋಟೆಗೆ ಹೋದರೆ ಹೊಳೆ ನೋಡಿ

ಪ್ರಶ್ನೆ: ನಾವು ಪುಣೆಯ ಪಿಂಪ್ರಿಯಲ್ಲಿರುವ ಕನ್ನಡದವರು. ಮಕ್ಕಳಿಗೆ ಸಿಂಹಗಡ, ಶಿವನೇರಿ ಎಲ್ಲ ತೋರಿಸಿದ್ದಾಯ್ತು. ಈ ಸಲ ಊರಿಗೆ ಹೋಗುವಾಗ ತಾಳಿಕೋಟೆ ಯುದ್ಧ ನಡೆದ ಜಾಗಕ್ಕೆ ಕರೆದೊಯ್ಯಬೇಕು ಅಂತಿದ್ದೇವೆ. ಅಲ್ಲಿ ನೋಡೋಕೆ ಏನಾದರೂ ಉಳಿದಿದೆಯಾ?

ಉತ್ತರ: ಖಂಡಿತ ಹೋಗಿ. ಆದರೆ ಗಡ, ಬುರುಜು ಹುಡುಕಬೇಡಿ. ಅದು ಬಯಲಲ್ಲಿ ನಡೆದ ಯುದ್ಧ, ಅಲ್ಲಿರುವುದು ಹೊಲ ಮತ್ತು ಹೊಳೆ ಅಷ್ಟೇ.

ಕತೆ ನಿಮ್ಮ ದಾರಿಯಲ್ಲೇ, ಸೊಲ್ಲಾಪುರದಲ್ಲೇ ಶುರುವಾಗುತ್ತದೆ. ಅಹ್ಮದನಗರ, ವಿಜಾಪುರದ ಸುಲ್ತಾನರು ಅಲ್ಲಿನ ಕೋಟೆಗಾಗಿ ಎಷ್ಟೋ ವರ್ಷ ಬಡಿದಾಡಿದ್ದರು. ಕೊನೆಗೆ ಅಹ್ಮದನಗರದ ಹುಸೇನ್ ನಿಜಾಮ್ ಶಾಹ ಮಗಳು ಚಾಂದ್ ಬೀಬಿಯನ್ನು ವಿಜಾಪುರದ ಅಲಿ ಆದಿಲ್ ಶಾಹನಿಗೆ ಮದುವೆ ಮಾಡಿಕೊಟ್ಟು, ಕೋಟೆಯನ್ನೇ ಬಳುವಳಿ ಕೊಟ್ಟ. ಆ ಬೀಗತನ ಆಗದಿದ್ದರೆ ಇಬ್ಬರೂ ಒಟ್ಟಿಗೆ ವಿಜಯನಗರದ ರಾಮರಾಯನ ಮೇಲೆ ದಂಡೆತ್ತಿ ಹೋಗುವುದು ಕಷ್ಟವಿತ್ತು. ಅಲ್ಲಿ ಒಂದು ಗಂಟೆಯಾದರೂ ನಿಲ್ಲಿ.

ವಿಜಯಪುರದಲ್ಲಿ ಮಕ್ಕಳು ಗೋಳಗುಮ್ಮಟವನ್ನೇ ಕೇಳುತ್ತಾರೆ, ಅಲ್ವಾ? ಅದು ಮುಗಿದದ್ದು 1656ರಲ್ಲಿ, ಯುದ್ಧವಾಗಿ 91 ವರ್ಷಕ್ಕೆ. ಗಗನ ಮಹಲ್ ಮಾತ್ರ ಬಿಡಬೇಡಿ. 1561ರಲ್ಲಿ ಅಲಿ ಆದಿಲ್ ಶಾಹನೇ ಕಟ್ಟಿಸಿದ್ದು.

ತಾಳಿಕೋಟೆಯಲ್ಲಿ ಸುಲ್ತಾನರ ದಂಡು ಬೀಡು ಬಿಟ್ಟಿತ್ತು, ಯುದ್ಧಕ್ಕೆ ಆ ಊರಿನ ಹೆಸರು ಬಂದದ್ದು ಅದರಿಂದ. ನೀವು ಮುಂದೆ ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಹೋಗಿ. ರಕ್ಕಸಗಿ-ತಂಗಡಗಿ ಯುದ್ಧ ಅನ್ನುವುದೂ ಇದನ್ನೇ. ಬಸವಣ್ಣನವರ ಮಡದಿ ನೀಲಮ್ಮನ ಗುಡಿಗೆ ಕೈಮುಗಿದು ಕೃಷ್ಣೆಯ ದಂಡೆಗೆ ಇಳಿಯಿರಿ. ಸುಲ್ತಾನರು ಈಚೆ ದಂಡೆ, ರಾಮರಾಯನ ಸೈನ್ಯ ಆಚೆ ದಂಡೆ, ದಾಟುವ ಜಾಗಕ್ಕೆಲ್ಲ ಕಾವಲು. ಇತಿಹಾಸಕಾರ ಫರಿಷ್ತಾ ಬರೆದಂತೆ, ಸುಲ್ತಾನರು ಬೇರೆಲ್ಲೋ ದಾಟುವವರ ಹಾಗೆ ಮೂರು ದಿನ ದಂಡೆಗುಂಟ ನಡೆದರು, ಆಚೆಯವರೂ ಕಾವಲು ಬಿಟ್ಟು ಅವರಿಗೆ ಸಮನಾಗಿ ಹೊರಟರು, ಇವರು ತಟ್ಟನೆ ಹಿಂದಿರುಗಿ ಬಂದು ಹೊಳೆ ದಾಟಿಬಿಟ್ಟರು. ಅದು 1565ರ ಜನವರಿ. ಮುಂದೆ ರಾಮರಾಯ ಸೆರೆ ಸಿಕ್ಕ, ತಲೆ ಹೋಯಿತು, ಸೈನ್ಯ ಚದುರಿತು. ನನಗಂತೂ ಇಡೀ ಯುದ್ಧದಲ್ಲಿ ಎದೆ ಹಿಂಡುವುದು ಆ ಮೂರು ದಿನಗಳೇ.

ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿಡಿ: ಈಗ ಕಾಣುವುದು ಆಗಿನ ಹೊಳೆಯಲ್ಲ. ನಾರಾಯಣಪುರ ಜಲಾಶಯದ ಹಿನ್ನೀರು ನಿಂತು ಅಗಲವಾಗಿದೆ. ಇಲ್ಲದಿದ್ದರೆ ಇಷ್ಟು ನೀರಲ್ಲಿ ಕುದುರೆ ಹೇಗೆ ದಾಟಿದವು ಅಂತ ಕೇಳಿಯೇ ಕೇಳುತ್ತಾರೆ.

ಜನವರಿಯಲ್ಲೇ ಹೋಗಿ. ಬಿಸಿಲು ಕಡಿಮೆ, ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ. ಹಂಪಿಯನ್ನು ಇದಾದ ಮೇಲೆ ನೋಡಿ, ಮೊದಲು ಬೇಡ.