ಕಾಳಜಿ ಕೇಂದ್ರದಲ್ಲಿ ಹೆಂಗಸರು ಸಂಜೆ ಮೇಲೆ ನೀರು ಕುಡಿಯುತ್ತಿಲ್ಲ, ಪ್ಯಾಡ್ ಡಬ್ಬ ಹಾಗೇ ಉಳಿದಿದೆ: ಪ್ರತಿಕ್ರಿಯೆ
ಶಾಲೆಯಲ್ಲಿ ತೆರೆದ ನಿಮ್ಮ ಪ್ರವಾಹ ಕಾಳಜಿ ಕೇಂದ್ರದಲ್ಲಿ ಹೆಂಗಸರು ಸಂಜೆ ಮೇಲೆ ನೀರು ಕುಡಿಯುತ್ತಿಲ್ಲ, ಮುಟ್ಟಿನ ಪ್ಯಾಡ್‌ಗಳನ್ನೂ ತೆಗೆದುಕೊಳ್ಳುತ್ತಿಲ್ಲ ಎಂದು ಬರೆದಿದ್ದೀರಿ. ತೊಂದರೆ ನೀರಿನದ್ದಲ್ಲ, ಶೌಚಾಲಯದ್ದು. ಕತ್ತಲಲ್ಲಿ ಅಲ್ಲಿಗೆ ಹೋಗಲು ಹೆದರಿ ಬಾಯಾರಿಕೆ ತಡೆದುಕೊಳ್ಳುತ್ತಾರೆ. ನಿಮ್ಮ ಶಾಲೆ ನಾನು ನೋಡಿಲ್ಲ, ಆದರೆ ಪ್ರವಾಹದ ಕೇಂದ್ರಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ಇದೇ.

ಇವತ್ತು ರಾತ್ರಿಯೇ ಅಲ್ಲಿನ ಇಬ್ಬರು ಹೆಂಗಸರ ಜೊತೆ ಆಶಾ ಕಾರ್ಯಕರ್ತೆ ಮಲಗುವ ಕೋಣೆಯಿಂದ ಶೌಚಾಲಯದವರೆಗೆ ನಡೆದು ನೋಡಲಿ. ಬಲ್ಬು ಎಲ್ಲಿಲ್ಲ, ಗಂಡಸರು ಎಲ್ಲಿ ಗುಂಪು ಕೂತಿರುತ್ತಾರೆ, ಚಿಲಕ ಬೀಳುತ್ತದೆಯೇ? ನಾನಿದ್ದ ಕಡೆ ಚಿಲಕದ ಜಾಗದಲ್ಲಿ ಬರೀ ತೂತಿತ್ತು. ಅದಕ್ಕೆ ಸೀರೆಯ ಅಂಚಿನ ತುಂಡು ಕಟ್ಟಿ, ಒಳಗಿನಿಂದ ಒಂದು ಕೈಯಲ್ಲಿ ಎಳೆದು ಹಿಡಿದು ಕೂರುತ್ತಿದ್ದರು. ಮೊದಲು ಚಿಲಕ ಹಾಕಿಸಿ, ಆಮೇಲೆ ಬಲ್ಬು.

ನಾಲ್ಕು ಶೌಚಾಲಯಗಳನ್ನು ಗಂಡಸರಿಗೆ ಎರಡು, ಹೆಂಗಸರಿಗೆ ಎರಡು ಎಂದು ಹಂಚಿದ್ದೀರಿ ಅಂದಿರಿ. ಸ್ಫಿಯರ್ ಮಾನದಂಡದಲ್ಲಿ (ವಿಪತ್ತು ಪರಿಹಾರಕ್ಕೆ ಇರುವ ಅಂತರರಾಷ್ಟ್ರೀಯ ಕನಿಷ್ಠ ಮಟ್ಟ) 20 ಜನಕ್ಕೆ ಒಂದು ಶೌಚಾಲಯ, ಅದರಲ್ಲೂ ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು. ಹಾಗೇ ಬದಲಿಸಿ. ಸಾಲದಿದ್ದರೆ ಈ ಲೆಕ್ಕವನ್ನೇ ಬರೆದು ತಹಶೀಲ್ದಾರರಿಗೆ ಮೊಬೈಲ್ ಶೌಚಾಲಯಕ್ಕೆ ಅರ್ಜಿ ಕೊಡಿ.

ಪ್ಯಾಡ್ ಡಬ್ಬ ಹುಡುಗರು ಕೂರುವ ಮೇಜಿನಿಂದ ಎತ್ತಿ ಆಶಾ ಕಾರ್ಯಕರ್ತೆಗೆ ಒಪ್ಪಿಸಿ. ಬಟ್ಟೆ ಬಳಸುವವರಿಗೆ ಸೋಪು, ಬಕೆಟ್, ಒಗೆದು ಒಣಗಿಸಲು ಮರೆ ಬೇಕು. ಎರಡು ರಾತ್ರಿ ಕಳೆದರೂ ಬದಲಾಗದಿದ್ದರೆ ಬೇರೆ ಭಯವಿರಬಹುದು, ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿ ಆಶಾ ಕಾರ್ಯಕರ್ತೆಯಿಂದಲೇ ಕೇಳಿಸಿ.